ಸೀರೆಯ ಮರೆಯಿಂದ ಚಾಚಿದ ಕೈ

"ಮುಖ ನೋಡಿಲ್ಲ ಅಂದ್ರ ಏನೋ ನದೀಮ? ರಕ್ತ ತಗೊಂಡಾಂವ ನೀನು. ಮುಖ ನೋಡದೇ ರಕ್ತ ಹ್ಯಾಂಗ ತಗೊಂಡಿ?"

ಕುತುಬೋದ್ದೀನರ ದನಿ ಲ್ಯಾಬಿನ ಗಾಜಿನ ಬಾಗಿಲು ದಾಟಿ ಹೊರಗಿನ ಬೆಂಚಿನ ತನಕ ಹೋಯಿತು. ಅಲ್ಲಿ ಸರದಿ ಕಾಯುತ್ತಿದ್ದ ಹೆಂಗಸರು ಮಾತು ನಿಲ್ಲಿಸಿ ಒಳಗೆ ಇಣುಕಿದರು. ರಕ್ತ ತೆಗೆಯುವ ಟೆಕ್ನಿಷಿಯನ್ ನದೀಮ ಕೈಗವಸು ಕಳಚಿ ಬುಟ್ಟಿಗೆ ಹಾಕಿದ. ಅವನ ಕಿವಿ ಕೆಂಪಾಗಿತ್ತು.

"ಚಾಚಾ, ಜರಾ ಸಾವಕಾಶ ಮಾತಾಡ್ರಿ. ಔರಾದ ರಕ್ತ ತಪಾಸಣಿ ಕ್ಯಾಂಪಿನ್ಯಾಗ ನಡುವ ಒಂದು ಸೀರಿ ಕಟ್ಟಿದ್ರು. ಹೆಣ್ಮಕ್ಕಳು ಆ ಕಡಿ, ನಾ ಈ ಕಡಿ. ಸೀರಿ ಸಂದಿಲಿಂದ ಕೈ ಅಷ್ಟೇ ಬರ್ತಿತ್ತು. ಆ ಕಡಿಯಿಂದ ಹೆಸರು ಕೂಗ್ತಿದ್ರು, ನಾ ಟ್ಯೂಬಿನ ಮ್ಯಾಲ ಬರೀತಿದ್ದೆ."

"ಸೀರಿ ಯಾಕ ಕಟ್ಟಿದ್ರು?"

"ನಾ ಗಂಡಸು ನೋಡ್ರಿ. ಮತ್ತ ರಕ್ತ ಆ ದಿನದಾಗೇ ತಗೀಬೇಕಂತ ಮ್ಯಾಡಂ ಹೇಳಿದ್ರು."

"ಯಾವ ದಿನದಾಗ?"

ನದೀಮ ಗೋಡೆ ನೋಡಿದ. "ಅದೇ ರೀ. ತಿಂಗಳಿಂದು."

ಮತ್ತೆ ಗೋಡೆ! ಕುತುಬೋದ್ದೀನರಿಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಪೊಲೀಸ್ ಇಲಾಖೆಯ ಕ್ರೈಂ ವಿಭಾಗದಲ್ಲಿ ಎಎಸ್‌ಐ ಆಗಿ ನಿವೃತ್ತರಾದ ಮನುಷ್ಯ. ಕಳ್ಳರ ಬಾಯಿ ಬಿಡಿಸಿದ್ದರು, ಕೊಲೆಗಾರರ ಬಾಯಿ ಬಿಡಿಸಿದ್ದರು. ಈ ಕೇಸಿನಲ್ಲಿ ಮಾತ್ರ ಯಾರನ್ನು ಏನು ಕೇಳಿದರೂ ಎರಡನೆಯ ಪ್ರಶ್ನೆಗೆ ಗಂಡಸರು ಗೋಡೆ ನೋಡುತ್ತಾರೆ, ಹೆಂಗಸರು ನೆಲ ನೋಡುತ್ತಾರೆ. ಮನೆಯಲ್ಲಿ ಹೆಂಡತಿ ಹಮೀದುನ್ನಿಸಾ ಬೇರೆ, "ಈ ವಯಸ್ಸಿನಾಗ ಹೆಣ್ಮಕ್ಕಳ ಮುಟ್ಟಿನ ಉಸಾಬರಿ ನಿಮಗ್ಯಾಕ?" ಎಂದು ಊಟದ ಹೊತ್ತಿಗೆಲ್ಲ ಕುಟುಕುತ್ತಿದ್ದಳು. ಯಾಕೆಂದು ಅವರಿಗೂ ಈಗೀಗ ಗೊತ್ತಾಗುತ್ತಿರಲಿಲ್ಲ.

ಉಸಾಬರಿ ತಂದು ಹಚ್ಚಿದವರು ಡಾಕ್ಟರ್ ಸಿದ್ದೇಶ್ವರಿ. ಕೊಳಾರದ ಕಡೆ ಹೋಗುವ ರಸ್ತೆಯಲ್ಲಿರುವ ಈ ಸಣ್ಣ ದವಾಖಾನೆ ಅವರದು, ಲ್ಯಾಬೂ ಅವರದು. ಅವರು ಹುಡುಕುತ್ತಿದ್ದದ್ದು ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯ ಗುರುತನ್ನು. ಗರ್ಭಕೋಶದ ಒಳಪದರದಂಥದ್ದೇ ಒಂದು ಪದರ ಗರ್ಭಕೋಶದ ಹೊರಗೆ, ಹೊಟ್ಟೆಯೊಳಗೆ ಎಲ್ಲೆಲ್ಲೋ ಅಂಟಿಕೊಂಡು ಬೆಳೆಯುತ್ತದೆ. ತಿಂಗಳು ತಿಂಗಳೂ ಅದೂ ಒಳಗೊಳಗೇ ಒಸರುತ್ತದೆ, ಹೆಂಗಸು ನೆಲಕ್ಕೆ ಬಿದ್ದು ಒದ್ದಾಡುತ್ತಾಳೆ. ಸೋನೋಗ್ರಾಫಿಯಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ. ಖಾತ್ರಿಯಾಗಬೇಕಾದರೆ ಹೊಕ್ಕಳ ಹತ್ತಿರ ತೂತು ಮಾಡಿ ದುರ್ಬೀನು ಇಳಿಸಿ ನೋಡಬೇಕು. ಆ ಕೊಯ್ತವಿಲ್ಲದೆ, ಬರೀ ರಕ್ತದಲ್ಲಿ ಕಾಯಿಲೆ ಬಿಟ್ಟ ಗುರುತು ಹಿಡಿಯಬಹುದೇ ಎಂಬುದು ಸಿದ್ದೇಶ್ವರಿಯವರ ಶೋಧನೆ. ಮನೆಯ ಬೀಗ ಒಡೆಯದೆ ಅಂಗಳದ ಹೆಜ್ಜೆ ನೋಡಿ ಒಳಗೆ ಯಾರಿದ್ದಾರೆಂದು ಹೇಳಿದ ಹಾಗೆ ಎಂದು ಕುತುಬೋದ್ದೀನರು ತಮ್ಮ ಮಟ್ಟಿಗೆ ಅರ್ಥ ಮಾಡಿಕೊಂಡಿದ್ದರು.

ಶೋಧನೆ ಇನ್ನೂ ಕಚ್ಚಾ. ಅದನ್ನು ನಂಬಿ ಯಾರಿಗೂ ಕಾಯಿಲೆ ಇದೆ, ಇಲ್ಲ ಎಂದು ಹೇಳುವ ಹಾಗಿರಲಿಲ್ಲ. ಅಂಥದ್ದರಲ್ಲಿ ಔರಾದಿನ ಪ್ರಣಾಲಿಯ ರಕ್ತದಲ್ಲಿ 'ಗುರುತು ಇಲ್ಲ' ಎಂದು ಕಂಪ್ಯೂಟರ್ ಪರದೆ ಮೇಲೆ ಬಂದದ್ದನ್ನು ಯಾರೋ ಫೋಟೋ ಹೊಡೆದರು. ಅದು ಭಾಲ್ಕಿಯಲ್ಲಿ ಅವಳ ಗಂಡನ ವಕೀಲನ ಕೈ ಸೇರಿತು. ಅದನ್ನೇ ಹಿಡಿದು, ಕಾಯಿಲೆಯ ಸೋಗು ಹಾಕಿ ಸಂಸಾರ ಕೆಡಿಸಿದಳು ಎಂದು ಗಂಡ ಸೋಡಚೀಟಿ, ಅಂದರೆ ವಿಚ್ಛೇದನ, ಕೇಳಿದ. ನಾಳೆ ಪ್ರಣಾಲಿ ಜಡ್ಜ್ ಮುಂದೆ ನಿಲ್ಲಬೇಕು. ಆ ಫೋಟೋ ನಿಂತರೆ ಅವಳ ನೋವೆಲ್ಲ ನಾಟಕವೆಂದು ಊರಿಗೆ ಊರೇ ಹೇಳುತ್ತದೆ, ಆಮೇಲೆ ಯಾವ ಡಾಕ್ಟರೂ ಅವಳ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ. ಫೋಟೋ ಹೊಡೆದ ಕಳ್ಳನನ್ನು ಹಿಡಿದುಕೊಡಿ ಎಂದು ಸಿದ್ದೇಶ್ವರಿ ವಾರದ ಹಿಂದೆ ಕುತುಬೋದ್ದೀನರನ್ನು ಕರೆಸಿದ್ದರು, ನದೀಮನ ಮೇಲೇ ಅನುಮಾನ ಎಂದಿದ್ದರು.

"ಈ ಕಂಪ್ಯೂಟರ್ ಮುಂದ ಯಾರ್ಯಾರು ಕೂಡ್ತೀರಿ?" ಎಂದು ಕುತುಬೋದ್ದೀನರು ಕೇಳಿದರು.

"ನಾನು, ಮ್ಯಾಡಂ. ಇಬ್ಬರೇ. ನಾ ಫೋಟೋ ಹೊಡ್ದಿಲ್ಲ ಚಾಚಾ, ಖುದಾ ಕೀ ಕಸಂ. ಮ್ಯಾಡಂ ಅಂತೂ... ತೋಬಾ ತೋಬಾ, ನಿಮ್ಮನ್ನ ಕರೆಸಿದವರೇ ಅವರು."

"ಹಂಗಾದ್ರ ಭೂತ ಹೊಡೀತೇನು?"

ನದೀಮ ಟ್ಯೂಬುಗಳ ಸ್ಟ್ಯಾಂಡನ್ನು ಆಚೀಚೆ ಸರಿಸಿದ. ಆಮೇಲೆ ತಾನಾಗಿಯೇ ಅಂದ:

"ಒಂದು ಮಾತು ಹೇಳ್ತೇನಿ, ಮ್ಯಾಡಂ ಮುಂದ ನನ್ನ ಹೆಸರು ತಗೀಬ್ಯಾಡ್ರಿ. ಆ ಪ್ರಣಾಲಿ ಹೆಸರಿನ ಟ್ಯೂಬಿನ್ಯಾಗ ಉಳಿದ ಹನಿಗೆ ಸುಮ್ನ ಸಕ್ಕರಿ ಪಟ್ಟಿ ಹಚ್ಚಿ ನೋಡಿದೆ. ಇನ್ನೂರೆಂಬತ್ತು! ಕಡ್ಡಿ ಹಂಗ ಇರೋ ಹುಡುಗಿ ಅಂತಾರ. ಮ್ಯಾಡಂಗ ಹೇಳ್ದೆ. ಆ ಹುಡುಗಿ ಬರೋ ಮೊದಲು ಜಿಲೇಬಿ ತಿಂದಿರಬೇಕು, ಬಿಡು ಅಂದ್ರು. ನಾ ಬಿಟ್ಟೆ. ಎಲ್ಲೂ ಬರೀಲಿಲ್ಲ."

ಕುತುಬೋದ್ದೀನರಿಗೆ ಸಕ್ಕರೆ ಕಾಯಿಲೆ ಹಳೆಯ ನೆಂಟ. ಇನ್ನೂರೆಂಬತ್ತು ಎಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೊಟ್ಟೆನೋವಿನಲ್ಲಿ ಹೊರಳಾಡುವವಳು ಜಿಲೇಬಿ ತಿನ್ನುತ್ತಾಳೆಯೇ ಎಂದು ಬಾಯಿಗೆ ಬಂತು. ನದೀಮನನ್ನು ಕೇಳಿ ಪ್ರಯೋಜನವಿರಲಿಲ್ಲ. ಅವರು ಕೊಡೆ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು.

*

ಭಾಲ್ಕಿಯಲ್ಲಿ ಪ್ರಣಾಲಿಯ ಗಂಡ ರತ್ನದೀಪನದು ಮೋಟಾರ್ ರಿಪೇರಿ ಅಂಗಡಿ. ಸುಟ್ಟ ಪಂಪುಗಳ ನಡುವೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ಅವನ ತಂದೆ ನರಸಿಂಗ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಬಂದವರನ್ನು ಅಳೆಯುತ್ತಿದ್ದ.

"ಕುತುಬ ಸಾಹೇಬ್ರ, ನಾ ರಾಕ್ಷಸ ಅಲ್ರಿ," ಎಂದು ರತ್ನದೀಪ ಕೇಳುವ ಮೊದಲೇ ಶುರು ಮಾಡಿದ. "ಆಕಿನ್ನ ಎಷ್ಟು ದವಾಖಾನಿ ತಿರುಗಿಸೀನಿ ಕೇಳ್ರಿ. ಉದಗೀರ, ಲಾತೂರ, ಹೈದ್ರಾಬಾದ. ಹೋದಲ್ಲೆಲ್ಲಾ ನಾರ್ಮಲ್ ಅದ, ನಾರ್ಮಲ್ ಅದ ಅಂತಾರ. ಎಲ್ಲಾ ನಾರ್ಮಲ್ ಇದ್ದಾಕಿ ತಿಂಗಳಿಗೊಮ್ಮಿ ನೆಲಕ್ಕ ಬಿದ್ದು ಯಾಕ ಹೊರಳತಾಳ? ನಮ್ಮ ಅವ್ವ ಅಂತಾಳ, ನಾವೂ ಹೆಂಗಸರೇ, ನಮಗೂ ಆಗ್ತಿತ್ತು, ರೊಟ್ಟಿ ಬಡೀತಿದ್ದಿವಿ ಅಂತ. ನಾ ಯಾರ ಮಾತು ನಂಬ್ಲಿ?"

"ಹೆಂಡ್ತಿ ಮಾತು."

"ನಂಬಿದ್ದೆ ರೀ. ಆ ಫೋಟೋ ಬರೋ ತನಕಾ ನಂಬಿದ್ದೆ." ಅವನ ಕೈಯ ತಂತಿ ಸಿಕ್ಕುಬಿತ್ತು. ಅದನ್ನು ಬಿಡಿಸುವ ತಾಳ್ಮೆ ಅವನಲ್ಲಿರಲಿಲ್ಲ, ಕತ್ತರಿಸಿ ಎಸೆದ.

"ಫೋಟೋ ಯಾರು ಕಳಿಸಿದ್ರು?"

"ವಕೀಲರು ಹೇಳಬ್ಯಾಡ ಅಂದಾರ."

"ಕದ್ದ ಫೋಟೋ ಅದು ರತ್ನದೀಪ. ನಾಳಿ ನಿನ್ನ ಕೊರಳಿಗೇ ಬೀಳ್ತದ."

ರತ್ನದೀಪ ನಕ್ಕ. ಸಂತೋಷದ ನಗುವಲ್ಲ. "ಕದ್ದಾಂವ ಯಾರಾದ್ರೂ ಪೇಢಾ ತಿನ್ರಿ ಅಂತ ಹೇಳಿ ಕಳಸ್ತಾನೇನ್ರಿ?"

"ರತ್ನ್ಯಾ!" ಸ್ಟೂಲಿನಿಂದ ನರಸಿಂಗ ಗದರಿದ. "ಬಾಯಿ ಮುಚ್ಚು. ಸಾಹೇಬ್ರ, ನಿಮಗ ಏನು ಕೇಳೋದದ ನಮ್ಮ ವಕೀಲರಿಗೆ ಕೇಳ್ರಿ. ಒಂದು ಮಾತು ಆ ಹುಡುಗಿಗೆ ಹೇಳಿಬಿಡ್ರಿ. ನಾಳಿ ಕೋರ್ಟಿಗೆ ಬರದಿದ್ರ ಸೋಗು ಒಪ್ಪಿಕೊಂಡ್ಹಾಂಗೇ ಅಂತ ತಿಳಕೋತೀವಿ."

ಅಷ್ಟೇ. ಮುಂದೆ ಎಷ್ಟು ಕೆದಕಿದರೂ ಅಪ್ಪ ಮಗ ಇಬ್ಬರೂ ಸುಟ್ಟ ಮೋಟಾರಿನ ಕಡೆ ನೋಡಿದರು. ಗೋಡೆ ಹೋಗಿ ಮೋಟಾರು ಬಂತು, ವ್ಯತ್ಯಾಸ ಅಷ್ಟೇ ಎಂದು ಕುತುಬೋದ್ದೀನರು ಗೊಣಗಿಕೊಂಡು ಎದ್ದರು.

ಕಾಯಿಲೆ ಇಲ್ಲವೆಂಬ ಸುದ್ದಿಗೆ ಪೇಢಾ ಹಂಚುವಷ್ಟು ಹಿಗ್ಗುವವರು ಯಾರು? ನಮ್ಮ ಪತ್ತೇದಾರರಿಗೆ ಅಲ್ಲೇ ಹೊಳೆಯಬೇಕಿತ್ತು. ಆದರೆ ಔರಾದಿಗೆ ಹೋಗುವ ಬಸ್ಸಿನಲ್ಲಿ ಮಂಡಿ ಚಾಚಲು ಜಾಗ ಸಿಗಲಿಲ್ಲ, ಪಕ್ಕದವನು ಕೋಳಿ ಬುಟ್ಟಿ ಅವರ ಕಾಲ ಮೇಲೇ ಇಟ್ಟ, ಚಿಲ್ಲರೆ ವಿಷಯಕ್ಕೆ ಕಂಡಕ್ಟರನ ಜೊತೆ ಜಗಳವಾಯಿತು. ಸಿಟ್ಟು ತುಂಬಿದ ತಲೆಯಲ್ಲಿ ಪೇಢಾ ಪೇಢಾವಾಗಿಯೇ ಉಳಿಯಿತು.

*

ಔರಾದಿನಲ್ಲಿ ಪ್ರಣಾಲಿಯ ತಾಯಿ ಶಾಲುಬಾಯಿ ಆಗ ತಾನೇ ಶಾಲೆಯ ಬಿಸಿಯೂಟದ ಕೆಲಸ ಮುಗಿಸಿ ಬಂದಿದ್ದಳು. ಸೀರೆಗೆ ಬೇಳೆ ಸಾರಿನ ವಾಸನೆ. ಗೋಡೆಯ ಮೇಲೆ ಬಾಬಾಸಾಹೇಬರ ಚಿತ್ರ, ಅದರ ಕೆಳಗೆ ಬುದ್ಧನ ಸಣ್ಣ ಮೂರ್ತಿ. ಅಂಗಳ ನೀಟಾಗಿ ಗುಡಿಸಿತ್ತು.

"ಜೈ ಭೀಮ ಸಾಹೇಬ್ರ. ಬರ್ರಿ, ಕೂಡ್ರಿ. ಮಗಳು ಮಲಗ್ಯಾಳ."

"ಆರಾಮಿಲ್ಲೇನು?"

ಶಾಲುಬಾಯಿ ನೆಲ ನೋಡಿದಳು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹಾಸಿಗೆಯ ಮೇಲೆ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದ ಒಂದು ಬೆನ್ನು ಕಾಣುತ್ತಿತ್ತು. ಬೆನ್ನು ಆಗಾಗ ಬಿಗಿಯುತ್ತಿತ್ತು, ಮತ್ತೆ ಸಡಿಲಾಗುತ್ತಿತ್ತು. ದನಿ ಮಾತ್ರ ಇರಲಿಲ್ಲ. ಈ ಹುಡುಗಿ ಸೋಗು ಹಾಕುತ್ತಿದ್ದರೆ ನೋಡುವವರು ಯಾರೂ ಇಲ್ಲದ ಕೋಣೆಯಲ್ಲಿ ಯಾರಿಗಾಗಿ ಹಾಕುತ್ತಿದ್ದಾಳೆ ಎಂದು ಕುತುಬೋದ್ದೀನರಿಗೆ ಸಂಕಟವಾಯಿತು.

"ನಾಳಿ ಭಾಲ್ಕಿಗೆ ಹ್ಯಾಂಗ ಹೋಗ್ತಾಳ?"

"ಹೋಗ್ತಾಳ್ರಿ. ಹೋಗಿ ಒಪ್ಪಿಕೋತೇನಿ ಅಂತಾಳ."

"ಏನು ಒಪ್ಪಿಕೋತಾಳ?"

"ಸೋಗು ಹಾಕೀನಿ ಅಂತ." ಶಾಲುಬಾಯಿ ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದಳು. "ರಕ್ತದಾಗೇ ಇಲ್ಲಂತ ಬಂದ ಮ್ಯಾಲ ನನಗೇ ಭ್ರಮಿ ಇರಬೇಕು ಅವ್ವಾ ಅಂತಾಳ. ರಾತ್ರೆಲ್ಲಾ ಹೊಟ್ಟಿ ಹಿಡ್ಕೊಂಡು ಕೂಡ್ತಾಳ, ಮುಂಜಾನಿ ಎದ್ದು ಇದು ನೋವಲ್ಲ ಅಂತ ತನಗ ತಾನೇ ಹೇಳ್ಕೋತಾಳ. ನಾ ಏನು ಮಾಡ್ಲಿ ಸಾಹೇಬ್ರ? ಇರ್ರಿ, ಚಾ ತರ್ತೇನಿ."

"ನನಗ ಫೀಕಾ ಇರ್ಲಿ. ಸಕ್ಕರಿ ಅದ ಮೈಯಾಗ."

"ಹೌದೇನ್ರಿ? ನನಗೂ ಫೀಕಾನೇ. ಒಂದೇ ಪಾತೇಲಿ ಇಡ್ತೇನಿ ಹಂಗಾದ್ರ."

ಶಾಲುಬಾಯಿ ಒಲೆಯ ಕಡೆ ಹೋದಳು. ಕುತುಬೋದ್ದೀನರು ಕೂತಲ್ಲೇ ಕೂತರು. ಬಸ್ಸಿನ ಕೋಳಿ, ಕಂಡಕ್ಟರು, ಮಂಡಿನೋವು ಎಲ್ಲ ಒಮ್ಮೆಲೇ ತಲೆಯಿಂದ ಇಳಿದವು. ಇನ್ನೂರೆಂಬತ್ತು. ಸೀರೆಯ ಸಂದಿಯಿಂದ ಬಂದ ಕೈ. ಪೇಢಾ ತಿನ್ನಿರಿ.

ಚಹಾ ಬಂತು. ಅವರು ಬಸಿಗೆ ಸುರಿದುಕೊಂಡು ಊದುತ್ತಾ, ಇಬ್ಬರು ಸಕ್ಕರೆ ರೋಗಿಗಳು ಮಾತಾಡುವ ಹಾಗೆಯೇ ಮಾತು ತೆಗೆದರು.

"ಗುಳಿಗಿ ಯಾವುದು ತಗೋತೀರಿ? ನನ್ನ ಸಕ್ಕರಿ ಒಮ್ಮೊಮ್ಮಿ ಮುನ್ನೂರರ ಹತ್ರ ಹೋಗ್ತದ, ಏನು ತಿನ್ನದಿದ್ರೂ."

"ನಂದೂ ಹಂಗೇ ರೀ. ಸರ್ಕಾರಿ ದವಾಖಾನ್ಯಾಗ ಕೊಟ್ಟ ಬಿಳಿ ಗುಳಿಗಿ ತಗೋತೇನಿ. ಒಮ್ಮೊಮ್ಮಿ ತೀರಿ ಹೋಗಿರ್ತಾವ, ಆವಾಗ ಇನ್ನೂರ ಎಪ್ಪತ್ತು, ಎಂಬತ್ತು ಬರ್ತದ."

"ಮಗಳಿಗೂ ಅದ ಏನು ಸಕ್ಕರಿ?"

"ಛೀ, ಆಕಿಗೆಲ್ಲೀದು ರೀ? ಹೋದ ತಿಂಗಳೇ ನೋಡ್ಯಾರ. ಏನೂ ಇಲ್ಲ."

ಕುತುಬೋದ್ದೀನರು ಬಸಿಯನ್ನು ನೆಲಕ್ಕಿಟ್ಟರು.

"ಶಾಲುಬಾಯಿ, ಕ್ಯಾಂಪಿನ ದಿನ ಸೀರಿ ಸಂದಿಲಿಂದ ಕೈ ಚಾಚಿದಾಕಿ ಯಾರು?"

"ಅಂದ್ರ?"

"ನಾ ಕೇಳಿದ್ದು ನಿಮಗ ತಿಳಿದದ."

"ಪ್ರಣಾಲಿನೇ ರೀ. ಮತ್ಯಾರು? ಆಕಿ ಹೆಸರು ಕೂಗಿದ್ರು, ಆಕಿ ಕೊಟ್ಲು."

"ಆ ರಕ್ತದಾಗ ಇನ್ನೂರೆಂಬತ್ತು ಸಕ್ಕರಿ ಅದ."

"ಮಿಷನ್ ಕೆಟ್ಟಿರಬೇಕು."

"ಮಿಷನ್ ಕೆಟ್ಟಿಲ್ಲ."

"ಹಂಗಾದ್ರ ಆ ಹುಡುಗ ಟ್ಯೂಬ್ ಅದಲು ಬದಲು ಮಾಡಿರಬೇಕು. ಬಡವರ ರಕ್ತ ಅಂದ್ರ ಯಾರಿಗೆ ಖಬರ್ ಇರ್ತದ?"

ಕುತುಬೋದ್ದೀನರ ಸಹನೆ ಕಡಿದುಹೋಯಿತು. ಒಂದು ವಾರದಿಂದ ಗೋಡೆ, ನೆಲ, ಮೋಟಾರು ನೋಡಿದವರ ಮೇಲಿನ ಸಿಟ್ಟೆಲ್ಲ ಈ ಬಡ ಹೆಂಗಸಿನ ಮೇಲೆ ಇಳಿಯಿತು. ಅದು ತಪ್ಪೆಂದು ಅವರಿಗೆ ಗೊತ್ತಿತ್ತು, ಆದರೂ ತಡೆಯಲಾಗಲಿಲ್ಲ.

"ಎಲ್ಲರೂ ಸುಳ್ಳು ಹೇಳ್ರಿ! ಯಾರಿಗೂ ಬಾಯಿ ಬಿಡಲಿಕ್ಕ ನಾಚಿಕಿ! ನಾಳಿ ನಿಮ್ಮ ಮಗಳು ಜಡ್ಜ್ ಮುಂದ ನಿಂತು ನಾ ಸುಳ್ಳುಗಾರ್ತಿ ಅಂತ ಸಹಿ ಹಾಕ್ತಾಳ. ಆಮ್ಯಾಲ ಹೊಟ್ಟಿ ಒಡದು ಸತ್ತರೂ ಯಾರೂ ತಿರುಗಿ ನೋಡಂಗಿಲ್ಲ. ಅವಾಗ ಹೇಳ್ತೀರೇನು, ಮಿಷನ್ ಕೆಟ್ಟಿತ್ತು ಅಂತ?"

ಶಾಲುಬಾಯಿ ಬಸಿ ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುವಿಲ್ಲ. ಕೈಯ ಮರೆಯಿಂದಲೇ ಮಾತು ಬಂತು.

"ಆಕಿಗೆ ನಿಲ್ಲಲಿಕ್ಕ ಆಗ್ತಿರ್ಲಿಲ್ಲ ಸಾಹೇಬ್ರ. ಅಷ್ಟು ಹೋಗ್ತಿತ್ತು. ಕ್ಯಾಂಪಿನ ನರ್ಸಮ್ಮ ನೋವಿಂದು ಇಂಜೆಕ್ಷನ್ ಮಾಡಿದ್ಲು, ಆಕಿ ಬೆಂಚಿನ ಮ್ಯಾಲ ಕಣ್ಣು ಮುಚ್ಚಿದ್ಲು. ಅಷ್ಟರಾಗ ಆಕಿ ಹೆಸರು ಕೂಗಿದ್ರು. ಮೊದಲೇ ಮೈಯಾಗಿನ ರಕ್ತ ಎಲ್ಲಾ ಹರಿದು ಹೋಗ್ಲಿಕತ್ತದ, ಅದರ ಮ್ಯಾಲ ಮತ್ತ ಸೂಜಿ ಹಾಕಿ ಎಳೀತಾರ ಅಂದ್ರ ಯಾವ ತಾಯಿ ನೋಡ್ಕೋತ ಕೂಡ್ತಾಳ? ಸೀರಿ ಇತ್ತು. ನಾ ಕೈ ಚಾಚಿದೆ."

"ಅದು ಆಕಿ ರಕ್ತ ಆಗಬೇಕಿತ್ತು ಶಾಲುಬಾಯಿ!"

"ನನ್ನ ರಕ್ತಾನೇ ಅಲ್ಲೇನ್ರಿ ಆಕಿ ಮೈಯಾಗ ಇರೋದು? ನಾ ಹಡೆದ ಕೂಸು. ತಾಯಿದಾದ್ರೇನು, ಮಗಳದಾದ್ರೇನು, ರಕ್ತ ಒಂದೇ ಅಂತ ತಿಳಕೊಂಡೆ." ಅವಳು ಮುಖದಿಂದ ಕೈ ತೆಗೆದಳು. "ಮುಟ್ಟು ನಿಂತು ನನಗ ಯಾವ ಕಾಲ ಆಯ್ತೋ. ನನ್ನ ರಕ್ತದಾಗ ಆ ರೋಗ ಎಲ್ಲಿಂದ ಬರ್ಬೇಕು?"

ಕುತುಬೋದ್ದೀನರು ತಮ್ಮ ಬಸಿಯನ್ನು ದೂರ ಸರಿಸಿದರು. ಕಳ್ಳತನದ ಹಿಂದೆ ಆಸೆ ಇರುತ್ತದೆ, ಕೊಲೆಯ ಹಿಂದೆ ದ್ವೇಷ. ಇಷ್ಟು ದೊಡ್ಡ ಅನಾಹುತದ ಹಿಂದೆ ಬರೀ ಕರುಳು ಇದ್ದರೆ ಯಾರ ಮೇಲೆ ಕೇಸು ಹಾಕುವುದು?

"ಅವ್ವಾ."

ಒಳಕೋಣೆಯ ಬಾಗಿಲಲ್ಲಿ ಪ್ರಣಾಲಿ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡ ಬಿಸಿನೀರಿನ ಚೀಲ. ಕೂದಲು ಬೆವರಿಗೆ ಹಣೆಗೆ ಅಂಟಿತ್ತು.

"ಆ ರಕ್ತ ನಂದಲ್ಲ?"

ಶಾಲುಬಾಯಿ ಹೌದೆಂದು ತಲೆಯಾಡಿಸಿದಳು.

"ನಾ ಆ ಇಂಜೆಕ್ಷನ್ನೇ ರಕ್ತ ತಗೊಂಡಿದ್ದು ಅಂತ ತಿಳಕೊಂಡಿದ್ದೆ. ಒಂದು ತಿಂಗಳಿಂದ ನನ್ನ ಮೈಯೇ ನನಗ ಸುಳ್ಳು ಹೇಳ್ತದ ಅಂತ ತಿಳಕೊಂಡೀನಿ ಅವ್ವಾ. ನೋವು ಬಂದಾಗೆಲ್ಲಾ, ಇಲ್ಲ, ಇದು ಇಲ್ಲ, ರಕ್ತದಾಗೇ ಇಲ್ಲ ಅಂತ ಹಲ್ಲು ಕಚ್ಚೀನಿ." ಅವಳು ಮೆಲ್ಲಗೆ ಬಾಗಿಲಿಗೇ ಒರಗಿ ನೆಲಕ್ಕೆ ಕೂತಳು. "ನಂಗ ಖರೇನೇ ನೋಯ್ತದ. ಖರೇನೇ ನೋಯ್ತದ."

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟವಿತ್ತು. ಶಾಲುಬಾಯಿ ಎದ್ದು ಹತ್ತಿರ ಹೋದಳು. ಮಗಳು ಅವಳ ಕೈಯನ್ನು ತಳ್ಳಲಿಲ್ಲ, ಹಿಡಿಯಲೂ ಇಲ್ಲ.

ಕುತುಬೋದ್ದೀನರಿಗೆ ಬಿಡಿಸಬೇಕಾದ ಇನ್ನೊಂದು ಗಂಟು ಬಾಕಿ ಇತ್ತು.

"ಪೇಢಾ ತಿನ್ರಿ ಅಂತ ಅಳಿಯಗ ಫೋಟೋ ಕಳಿಸಿದಾಕೀನೂ ನೀವೇ ಏನು ಶಾಲುಬಾಯಿ?"

"ಹೂನ್ರಿ," ಎಂದಳು ತಾಯಿ, ಮಗಳ ಕಡೆ ನೋಡುತ್ತಾ. "ಖುಷಿ ಆಗಿತ್ತು. ನಿಮ್ಮ ಹೆಂಡ್ತಿಗೆ ಏನೂ ಇಲ್ಲ, ಬಂದು ಕರ್ಕೊಂಡು ಹೋಗ್ರಿ ಅಂತ ಹೇಳ್ದೆ. ಅಂವ ವಕೀಲರಿಗೆ ಕೊಡ್ತಾನಂತ ನನಗೇನು ಗೊತ್ತು? ಮತ್ತ ಖರೇ ಹೇಳಬೇಕಂದ್ರ, ಯಾರ ರಕ್ತ ಅಂತ ಆವಾಗ ನನಗ ನೆನಪೇ ಆಗ್ಲಿಲ್ಲ. ಡಾಕ್ಟರು ಇಲ್ಲ ಅಂದ್ರು, ಇಲ್ಲ ಅಂತ ನಂಬಿದೆ."

"ಡಾಕ್ಟರು? ಯಾವ ಡಾಕ್ಟರು?"

"ಸಿದ್ದೇಶ್ವರಿ ಬಾಯಿ ರೀ. ನಾ ದಿನಾ ಫೋನ್ ಮಾಡಿ ಅಳ್ತಿದ್ದೆ. ಒಂದು ದಿನ ಪಾಪ ಅವರಿಗೇ ಕರುಣಾ ಬಂತು, ಫೋಟೋ ಕಳಿಸಿದ್ರು. ಯಾರಿಗೂ ತೋರಿಸಬ್ಯಾಡ ಅಂದಿದ್ರು." ಅವಳು ಮೊಬೈಲ್ ತೆಗೆದು ತೋರಿಸಿದಳು. ಸಂದೇಹವೇ ಇರಲಿಲ್ಲ, ಡಾಕ್ಟರದೇ ನಂಬರು.

"ನಾ ಯಾರಿಗೂ ಏನೂ ಹೇಳಿಲ್ಲ ಚಾಚಾ, ನನ್ನ ಲ್ಯಾಬಿನ್ಯಾಗ ಕಳ್ಳ ಇದ್ದಾನ, ಹಿಡ್ಕೊಡ್ರಿ" ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದ ಡಾಕ್ಟರ್ ಸಿದ್ದೇಶ್ವರಿ. ನದೀಮನ ಕಡೆ ಬೆರಳು ತೋರಿಸಿದ ಸಿದ್ದೇಶ್ವರಿ. ಕುತುಬೋದ್ದೀನರ ಮೈ ಉರಿಯಿತು. ತನ್ನನ್ನು ಬೆಪ್ಪನನ್ನಾಗಿ ಮಾಡಿ ಊರೂರು ತಿರುಗಿಸಿದ್ದಳು ಹೆಂಗಸು!

ಅವರು ಅಲ್ಲೇ ಫೋನ್ ಹಚ್ಚಿದರು. ಕಿವಿ ಮಂದವಾದ್ದರಿಂದ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತಿತ್ತು, ಮನೆಯವರಿಗೆಲ್ಲ ಕೇಳುವಷ್ಟು ಜೋರಾಗಿ.

"ಹೇಳ್ರಿ ಚಾಚಾ. ಸಿಕ್ಕನೇನು ಕಳ್ಳ?"

"ಸಿಕ್ಕಾಳ. ಇಬ್ಬರು ಸಿಕ್ಕಾರ. ಒಬ್ಬಾಕಿ ಮಗಳ ಬದಲಿ ರಕ್ತ ಕೊಟ್ಟ ತಾಯಿ. ಇನ್ನೊಬ್ಬಾಕಿ ಆ ತಾಯಿಗೆ ಫೋಟೋ ಕಳಿಸಿದ ಡಾಕ್ಟರು."

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು.

"ನಿಮ್ಮ ಹಣೆಬರ ಆಮ್ಯಾಲ ನೋಡೋಣು," ಎಂದರು ಕುತುಬೋದ್ದೀನರು. "ಮೊದಲು ಒಂದು ಕೆಲಸ ಮಾಡ್ರಿ. ಆ ಉಳಿದ ರಕ್ತ ಫ್ರೀಜರಿನ್ಯಾಗ ಇರಬೇಕಲ್ಲ? ಅದನ್ನ ಜ್ವಾಕಿ ಮಾಡ್ರಿ. ಅದು ಪ್ರಣಾಲಿದಲ್ಲ ಅಂತ ತೋರಿಸಿದ್ರ ಮುಗೀತು, ಆ ಫೋಟೋಕ್ಕ ನಾಳಿ ಕೋರ್ಟಿನ್ಯಾಗ ಕವಡಿ ಕಿಮ್ಮತ್ತಿಲ್ಲ. ಬರೀ ತಾಯಿ ಮಾತಿಗೆ ಜಡ್ಜ್ ಒಪ್ಪಂಗಿಲ್ಲ. ಮಗಳಿಗಾಗಿ ಸುಳ್ಳು ಹೇಳ್ತಾಳ ಅಂತಾರ."

"ಅದು ಇಲ್ಲ ಚಾಚಾ."

"ಇಲ್ಲ ಅಂದ್ರ?"

"ನೀವು ಮುಂಜಾನಿ ಹೋದ ಮ್ಯಾಲ ತೆಗೆಸಿಬಿಟ್ಟೆ. ಕಸದ ಗಾಡಿ ಒಯ್ದದ, ಇಷ್ಟೊತ್ತಿಗೆ ಸುಟ್ಟಿರ್ತಾರ."

"ಯಾಕ?" ಕುತುಬೋದ್ದೀನರು ಕೂಗಿದರು. "ಸಕ್ಕರಿ ಇತ್ತು ಅಂತ ಗೊತ್ತಿತ್ತು ನಿಮಗ! ಅದು ಆಕಿದಲ್ಲ ಅಂತ ಗೊತ್ತಿತ್ತು!"

"ಬ್ಯಾರೆಯವರ ರಕ್ತ ತಗೊಂಡಾರಂತ ಹೊರಗ ಬಿದ್ರ ನನ್ನ ಶೋಧನಾನೇ ಮುಗೀತಿತ್ತು ಚಾಚಾ."

ಕುತುಬೋದ್ದೀನರಿಗೆ ಫೋನನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು. ಕಳ್ಳರನ್ನು ಹಿಡಿದಾಯಿತು, ಸತ್ಯ ಸಿಕ್ಕಿತು, ಆದರೆ ಹುಡುಗಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ.

ಅಷ್ಟರಲ್ಲಿ ಯಾರೋ ಅವರ ಕೈಯಿಂದ ಫೋನ್ ತೆಗೆದುಕೊಂಡರು. ಪ್ರಣಾಲಿ. ಗೋಡೆ ಹಿಡಿದು ಎದ್ದು ಬಂದಿದ್ದಳು.

"ಮ್ಯಾಡಂ, ನಾ ಪ್ರಣಾಲಿ. ನೀವು ದುರ್ಬೀನು ಹಾಕಿ ಒಳಗ ನೋಡ್ತೀರಂತಲ್ಲ, ಹೊಟ್ಟಿ ತೂತು ಮಾಡಿ. ನನ್ನ ಹೊಟ್ಟಿನೂ ನೋಡ್ರಿ."

"ಏ ಹುಚ್ಚಿ!" ಎಂದು ಶಾಲುಬಾಯಿ ಕೂಗಿದಳು. ಒಂದು ಸೂಜಿಯೂ ತಾಗದಿರಲೆಂದು ತನ್ನ ಕೈ ಕೊಟ್ಟವಳು. "ಕತ್ತಿ ಹಾಕಿಸ್ಕೋತಿ ಏನು?"

"ಹಾಕಿಸ್ಕೋತೇನಿ ಅವ್ವಾ. ಈಗ ನನ್ನ ಮಾತಿಗೆ ಬೆಲಿ ಇಲ್ಲ, ನಿನ್ನ ಮಾತಿಗೂ ಇಲ್ಲ. ಒಳಗ ಅದ ಅಂತ ಕಣ್ಣಿಲೇ ಕಂಡ್ರ ಎಲ್ಲರ ಬಾಯಿ ಬಂದ್ ಆಗ್ತದ." ಫೋನಿಗೆ ತಿರುಗಿದಳು. "ನೋಡ್ತೀರೇನ್ರಿ ಮ್ಯಾಡಂ?"

"ನಾಳಿ ನಿಂದು ಕೋರ್ಟ್ ಅದ."

"ಕೋರ್ಟಿಗೆ ಹೋದ್ರ ಸುಳ್ಳುಗಾರ್ತಿ ಆಗ್ತೇನಿ, ಹೋಗದಿದ್ರೂ ಆಗ್ತೇನಿ. ನಿಮ್ಮ ಕಡಿ ಬಂದ್ರ ಖರೇ ಏನಂತ ಆದ್ರೂ ಗೊತ್ತಾಗ್ತದ."

ಸಿದ್ದೇಶ್ವರಿಯವರ ದನಿ ತಗ್ಗಿತು. ಅದರಲ್ಲಿ ಇದ್ದದ್ದು ಪಶ್ಚಾತ್ತಾಪವೋ ಭಯವೋ, ಇಲ್ಲ ಇವೆರಡೂ ಅಲ್ಲದ ಇನ್ನೇನೋ, ಅಷ್ಟು ವರ್ಷ ಜನರ ದನಿ ಕೇಳಿದ ಕುತುಬೋದ್ದೀನರಿಗೂ ತಿಳಿಯಲಿಲ್ಲ.

"ಬಾ. ನಾಳಿ ಮುಂಜಾನಿ ಏನೂ ತಿನ್ನದೇ ಬಾ. ಒಬ್ಬಾಕಿನೇ ಬಾ ಪ್ರಣಾಲಿ. ನಿಮ್ಮ ಅವ್ವನ್ನ ತರಬ್ಯಾಡ. ಕುತುಬ ಚಾಚಾನ್ನಂತೂ ಬಿಲ್ಕುಲ್ ಬ್ಯಾಡ."

"ಹೋಗಬ್ಯಾಡ!" ಎಂದರು ಕುತುಬೋದ್ದೀನರು. "ರಕ್ತ ಸುಟ್ಟ ಕೈ ಅದು. ಆಕಿ ಒಳಗ ಏನು ನೋಡಿದ್ಲು, ಹೊರಗ ಏನು ಹೇಳಿದ್ಲು, ಸಾಕ್ಷಿ ಯಾರು?"

ಪ್ರಣಾಲಿ ಅವರ ಕಡೆ ನೋಡಿದಳು. ಆಮೇಲೆ ಫೋನಿನ ಹತ್ತಿರ ಬಾಯಿ ತಂದು, "ಬರ್ತೇನಿ ಮ್ಯಾಡಂ," ಎಂದಳು.